ಮೆಲ್ಲಗೆ ಆರಿಸುವವಳು

ನನ್ನ ಅತ್ತಿಗೆಯ ಕೆಲಸವೇನೆಂದು ಯಾರಾದರೂ ಕೇಳಿದರೆ ಅಪ್ಪ ಕೊಡುತ್ತಿದ್ದ ಉತ್ತರ ಒಂದೇ. "ಚೆನ್ನಾಗಿರೋದನ್ನ ಸುಡ್ತಾಳೆ. ಅದಕ್ಕೆ ತಿಂಗಳ ಸಂಬಳ ಬೇರೆ." ಅತ್ತಿಗೆ ಅದಕ್ಕೆ ಮುಖ ಗಂಟುಹಾಕಿಕೊಂಡವಳಲ್ಲ. ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಅಂಗಿಯ ತೋಳು ಸುಟ್ಟುಕೊಂಡು ಮನೆಗೆ ಬಂದಿದ್ದಳು. ಅಂದಿನಿಂದ ಅಪ್ಪನ ಬಾಯಲ್ಲಿ ಅವಳು ಕಿಡಿಯಮ್ಮ.

ನಮ್ಮದು ನದಿಯನ್ನು ನಂಬಿದ ಮನೆ. ಅಪ್ಪ ಡೀಸೆಲ್ ಲಾಂಚ್ ನಡೆಸೀ ನಡೆಸೀ ಕಿವಿ ಮಂದ ಮಾಡಿಕೊಂಡವನು. ಅವನ ನಂತರ ಅದೇ ಜಾಗಕ್ಕೆ ಅಣ್ಣ ಬಂದ. ನಾನು ಅದೇ ಲಾಂಚಿನಲ್ಲಿ ಟಿಕೆಟ್ ಹರಿಯುವವಳು. ಮದುವೆಗೆ ಮೊದಲು ಅತ್ತಿಗೆ ಆಚೆ ದಡದ ಕಾರ್ಖಾನೆಗೆ ಹೋಗಲು ದಿನಾ ಬೆಳಗ್ಗೆ ನಮ್ಮ ಲಾಂಚಿನಲ್ಲೇ ದಾಟುತ್ತಿದ್ದಳು. ಬೇರೆಯವರೆಲ್ಲ ಗಾಳಿ ಬರುವ ಕಡೆ ಜಾಗ ಹಿಡಿದರೆ ಇವಳು ಎಂಜಿನ್ನಿನ ಬಾಗಿಲ ಬಳಿ ನಿಂತು ಅಣ್ಣನ ತಲೆ ತಿನ್ನುತ್ತಿದ್ದಳು: ಇದೇಕೆ ಹೀಗೆ ನಡುಗುತ್ತದೆ, ಅದೇಕೆ ಹಾಗೆ ಹೊಗೆ ಉಗುಳುತ್ತದೆ. ಒಂದು ದಿನ ಅಣ್ಣ ಅವಳ ಟಿಕೆಟನ್ನು ತಾನೇ ಕೊಡುತ್ತೇನೆಂದು ನನ್ನ ಕೈಯಿಂದ ಕಿತ್ತುಕೊಂಡಾಗ ವಿಷಯ ನನಗೆ ಅರ್ಥವಾಯಿತು. ಆ ಮದುವೆಯ ಪುಣ್ಯದಲ್ಲಿ ಅರ್ಧ ಪಾಲು ನನ್ನದು ಎಂದು ಈಗಲೂ ಹೇಳಿಕೊಂಡು ತಿರುಗುತ್ತೇನೆ.

ಅವಳ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಇನ್ವರ್ಟರ್. ಆ ಹೆಸರು ಕೇಳಿದ ಅಕ್ಕಪಕ್ಕದವರು ಕರೆಂಟು ಹೋದಾಗ ಫ್ಯಾನ್ ತಿರುಗಿಸುವ ಪೆಟ್ಟಿಗೆ ಎಂದುಕೊಂಡು ರಿಪೇರಿಗೆ ಹೊತ್ತು ತರುತ್ತಿದ್ದರು. ಅವಳದು ಅದಲ್ಲ. ವಿದ್ಯುತ್ತಿನಿಂದ ಓಡುವ ಬಸ್ಸು, ದೋಣಿಗಳಲ್ಲಿ ಬ್ಯಾಟರಿಗೂ ಮೋಟರಿಗೂ ನಡುವೆ ಕೂರುವ ದೊಡ್ಡ ಪೆಟ್ಟಿಗೆ. ಅದರೊಳಗೆ ವಿದ್ಯುತ್ತನ್ನು ಕ್ಷಣಕ್ಕೆ ಸಾವಿರಾರು ಸಲ ಹಚ್ಚಿ ಆರಿಸುವ ಟ್ರಾನ್ಸಿಸ್ಟರ್‌ಗಳು. ಅವು ಸಿಲಿಕಾನ್ ಕಾರ್ಬೈಡಿನವು. ಹಳೆಯ ಸಿಲಿಕಾನಿನವಕ್ಕಿಂತ ಚಿಕ್ಕವು, ಚುರುಕು, ಬಿಸಿಯಾಗಿ ಪೋಲು ಮಾಡುವುದು ಕಡಿಮೆ. ಹಾಗಾಗಿ ಅದೇ ಬ್ಯಾಟರಿಯಲ್ಲಿ ಹೆಚ್ಚು ದೂರ ಹೋಗಬಹುದು. ಆದರೆ ತಂತಿಗೆ ತಂತಿ ತಾಗಿ ಶಾರ್ಟ್ ಆದರೆ ಹಳೆಯದು ಹತ್ತು ಮೈಕ್ರೊಸೆಕೆಂಡು ಹಲ್ಲು ಕಚ್ಚಿಕೊಂಡು ತಡೆಯುತ್ತಿತ್ತು, ಇದು ಎರಡು, ಹೆಚ್ಚೆಂದರೆ ಮೂರು. ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ಮೈಕ್ರೊಸೆಕೆಂಡು. ಅಷ್ಟರೊಳಗೆ ಶಾರ್ಟನ್ನು ಗುರುತಿಸಿ, ಅದು ನಿಜವಾದದ್ದೋ ಸುತ್ತಲಿನ ಗದ್ದಲದಿಂದ ಕಂಡ ಭ್ರಮೆಯೋ ತೀರ್ಮಾನಿಸಿ, ಟ್ರಾನ್ಸಿಸ್ಟರನ್ನು ಆರಿಸಬೇಕು. ಆ ಕಾವಲಿನ ಬೋರ್ಡು ಅಂಗೈಯಗಲದ್ದು. ಅದನ್ನು ರೂಪಿಸುವುದು, ಬೇಕೆಂದೇ ಶಾರ್ಟ್ ಮಾಡಿ ಅದನ್ನು ಪರೀಕ್ಷಿಸುವುದು ಅತ್ತಿಗೆಯ ಕೆಲಸ.

ಅಷ್ಟು ಅವಸರವಿದ್ದರೆ ತಕ್ಷಣ ಕಡಿದುಹಾಕಿದರಾಯಿತಲ್ಲ ಎಂದು ಅಪ್ಪ ಒಮ್ಮೆ ಕೇಳಿದ. ಅತ್ತಿಗೆ ತರಕಾರಿ ಹೆಚ್ಚುವುದನ್ನು ಬಿಟ್ಟು ಅವನ ಒಳ್ಳೆಯ ಕಿವಿಯ ಕಡೆಗೆ ಬಂದು ಕೂತಳು.

"ಮಾವ, ದೋಣಿ ಜೋರಾಗಿ ಜೆಟ್ಟಿಗೆ ಬರ್ತಿರುವಾಗ ಹಗ್ಗ ಕಂಬಕ್ಕೆ ಗಂಟು ಹಾಕಿಬಿಟ್ರೆ ಏನಾಗುತ್ತೆ?"

"ಹಗ್ಗ ಕಿತ್ತು ಮುಖಕ್ಕೆ ಬಡಿಯುತ್ತೆ."

"ನೀವು ಏನು ಮಾಡ್ತಿದ್ರಿ?"

ಕಂಬಕ್ಕೆ ಎರಡು ಸುತ್ತು ಹಾಕಿ, ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಜಾರಲು ಬಿಟ್ಟು, ದೋಣಿಯ ವೇಗ ತಗ್ಗಿಸಿ ನಿಲ್ಲಿಸುತ್ತಿದ್ದೆ ಎಂದು ಅಪ್ಪ ಕೈಯಾಡಿಸಿ ತೋರಿಸಿದ. ಕರೆಂಟೂ ಹಾಗೆಯೇ ಎಂದಳು ಅತ್ತಿಗೆ. ರಭಸದಿಂದ ಹರಿಯುತ್ತಿರುವುದನ್ನು ರಪ್ಪನೆ ನಿಲ್ಲಿಸಿದರೆ ವೋಲ್ಟೇಜು ಒಮ್ಮೆಲೇ ಜಿಗಿದು ಉಳಿಸಬೇಕಾದ ಟ್ರಾನ್ಸಿಸ್ಟರನ್ನೇ ಸೀಳುತ್ತದೆ. ಬೇಗ ಗುರುತಿಸಬೇಕು, ಮೆಲ್ಲಗೆ ಆರಿಸಬೇಕು. ಎರಡೂ ಆ ಎರಡು ಮೂರು ಮೈಕ್ರೊಸೆಕೆಂಡಿನೊಳಗೇ ಮುಗಿಯಬೇಕು.

ಆಮೇಲೆ ಡೀಸೆಲ್ ಲಾಂಚಿನ ಕಾಲ ಮುಗಿದು ಬ್ಯಾಟರಿಯ ಲಾಂಚ್ ಬಂತು. ಅದಕ್ಕೆ ಚುಕ್ಕಾಣಿಯೇ ಇಲ್ಲ. ಹಿಂಬದಿಯ ತಳದಲ್ಲಿ ಎಡಕ್ಕೊಂದು ಬಲಕ್ಕೊಂದು ಕಾಲು ನೀರಿಗೆ ಇಳಿದಿರುತ್ತವೆ. ಆ ಕಾಲುಗಳ ತುದಿಯಲ್ಲೇ ಮೋಟರು. ಪ್ರತಿ ಕಾಲಿಗೂ ಒಂದು ಹಿಡಿಕೆ. ಅದನ್ನು ತಿರುವಿದರೆ ಕಾಲೇ ತಿರುಗುತ್ತದೆ, ಹಿಂದಕ್ಕೆ ಎಳೆದರೆ ಮೋಟರ್ ನಿಲ್ಲುತ್ತದೆ. ಇನ್ವರ್ಟರ್‌ಗಳು ಅತ್ತಿಗೆಯ ಕಾರ್ಖಾನೆಯವು, ಕಾವಲಿನ ಬೋರ್ಡು ಅವಳದೇ. ಮೊದಲ ದಿನ ಸದ್ದಿಲ್ಲದೆ ದಡ ಬಿಟ್ಟಾಗ ಅಪ್ಪ, ಎಂಜಿನ್ ಯಾವಾಗ ಹಚ್ಚುತ್ತೀರಿ ಎಂದು ನಡುನೀರಿನಲ್ಲಿ ಕೇಳಿದ್ದ.

ತಾಪತ್ರಯ ಶುರುವಾದದ್ದು ಮೇಲಿನ ಅಣೆಕಟ್ಟಿನ ಬಾಗಿಲು ತೆರೆದು ನೀರು ಜೋರಾದ ಮೇಲೆ. ನಾವು ದಾಟುವ ಜಾಗಕ್ಕಿಂತ ಸ್ವಲ್ಪ ಕೆಳಗೆ ರೈಲು ಸೇತುವೆ. ಸೆಳೆತ ಹೆಚ್ಚಿದ್ದಾಗ ಲಾಂಚಿನ ಮೂತಿಯನ್ನು ನೀರು ಬರುವ ಕಡೆಗೆ ಇಟ್ಟುಕೊಂಡು ಓರೆಯಾಗಿ ದಾಟಬೇಕು. ನಮ್ಮ ಜೆಟ್ಟಿ ಹತ್ತಿರವಾದಾಗ ಹಿಡಿಕೆಯನ್ನು ಪೂರ್ತಿ ತಿರುವಿ ಒಳಗೆ ನುಗ್ಗಬೇಕು. ಒಂದು ಮಧ್ಯಾಹ್ನ ಅಣ್ಣ ಹಾಗೆ ತಿರುವಿದ ಕೂಡಲೇ ಎಡ ಮೋಟರ್ ನಿಂತಿತು. ಕೆಂಪು ದೀಪ ಹತ್ತಿತು. ಅಣ್ಣ ಹಿಡಿಕೆಯನ್ನು ನೇರಕ್ಕೆ ತಂದು, ಗುಂಡಿ ಒತ್ತಿ ಮತ್ತೆ ಹಚ್ಚಿದ. ಏನೂ ಆಗಿಲ್ಲವೆನ್ನುವಂತೆ ಹೊತ್ತಿಕೊಂಡಿತು. ಕೆಲವು ದಿನಗಳ ನಂತರ ಮತ್ತೆ ಹಾಗೆಯೇ ಆಯಿತು. ಆ ಸಲ ಲಾಂಚ್ ಅಡ್ಡ ತಿರುಗಿ ಸೇತುವೆಯ ಕಂಬದ ಕಡೆಗೆ ಜಾರಿತು. ಅಣ್ಣ ಹೇಗೋ ಸಾವರಿಸಿ ದಡ ಸೇರಿಸಿದ. ಇಳಿಯುವಾಗ ಒಬ್ಬ ಹೆಂಗಸು ಮಗುವನ್ನು ಸೊಂಟದ ಮೇಲೆ ಸರಿಮಾಡಿಕೊಂಡು ಅಣ್ಣನ ಮುಖವನ್ನೇ ನೋಡುತ್ತಾ ನಿಂತಳು. ಬಯ್ಯಲಿಲ್ಲ. ಬೈದಿದ್ದರೆ ಅಣ್ಣನಿಗೆ ಅಷ್ಟು ನಾಟುತ್ತಿರಲಿಲ್ಲ.

ಅಂದು ಸಂಜೆ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಅಪ್ಪ ತನಗೆ ಕೇಳಿಸುವುದಿಲ್ಲವೆನ್ನುವ ಸೌಕರ್ಯ ಬಳಸಿಕೊಂಡು ಹೊರಗೆ ಹೋಗಿ ಕೂತ.

"ನಿನ್ನ ಟ್ರಾನ್ಸಿಸ್ಟರ್ ಉಳೀಲಿ ಅಂತ ನನ್ನ ಲಾಂಚು ನಡುನೀರಲ್ಲಿ ನಿಲ್ಬೇಕಾ?" ಎಂದ ಅಣ್ಣ. "ಅದಕ್ಕೆ ಸ್ವಲ್ಪ ತಾಳ್ಮೆ ಕಲಿಸು. ಸುಮ್ಸುಮ್ನೆ ಹೆದರ್ಕೊಂಡು ಕೈಬಿಡುತ್ತೆ."

"ಅದು ಸುಟ್ಟರೆ ದೊಡ್ಡ ಫ್ಯೂಸೂ ಹೋಗುತ್ತೆ. ಎರಡೂ ಮೋಟರಿಗೆ ಇರೋದು ಅದೊಂದೇ. ಆಮೇಲೆ ಗುಂಡಿ ಒತ್ತಿದ್ರೆ ಏನೂ ಹತ್ತಲ್ಲ," ಎಂದಳು ಅತ್ತಿಗೆ.

"ಸುಟ್ಟಿಲ್ವಲ್ಲ."

"ಸುಡೋಕೆ ಬಿಟ್ಟಿಲ್ಲ, ಅದಕ್ಕೆ."

ಅಣ್ಣ ತಟ್ಟೆಯಲ್ಲಿ ಬಡಿಸಿದ್ದನ್ನು ಅರ್ಧಕ್ಕೆ ಬಿಟ್ಟು ಎದ್ದ. ಅತ್ತಿಗೆ ಆ ತಟ್ಟೆಯನ್ನು ಎತ್ತಲೂ ಇಲ್ಲ, ತಾನು ಉಣ್ಣಲೂ ಇಲ್ಲ.

ಅವಳ ಮಾತಿನಲ್ಲಿ ಗಟ್ಟಿತನವಿತ್ತು, ಮನಸ್ಸಿನಲ್ಲಿ ಅಷ್ಟಿರಲಿಲ್ಲವೆಂದು ಆಮೇಲೆ ನನಗೆ ಹೇಳಿದಳು. ಬೋರ್ಡು ನೆನಪಿಟ್ಟುಕೊಳ್ಳುವುದು ಶಾರ್ಟ್ ಕಂಡಿತು, ಆರಿಸಿದೆ ಎಂಬುದನ್ನು ಮಾತ್ರ. ಏಕೆ ಕಂಡಿತು ಎಂಬುದು ಅದಕ್ಕೆ ಗೊತ್ತಿಲ್ಲ. ಪ್ರಯೋಗಾಲಯದಲ್ಲಿ ಅವಳು ಅದೇ ಬೋರ್ಡನ್ನು ನಾನಾ ರೀತಿಯಲ್ಲಿ ಪೀಡಿಸಿ ನೋಡಿದಳು. ಅದು ಸುಳ್ಳು ಶಾರ್ಟನ್ನು ನಿಜವೆಂದು ನಂಬಲಿಲ್ಲ. ಹಾಗೆಂದು ಲಾಂಚಿನ ಮೇಲಿನ ಗದ್ದಲವೇ ಬೇರೆ ಇರಬಹುದಲ್ಲ. ನಿಜವಾದ ಶಾರ್ಟಾಗಿದ್ದರೆ ಗುಂಡಿ ಒತ್ತಿದೊಡನೆ ಮೋಟರ್ ಮತ್ತೆ ಹತ್ತುವುದು ಹೇಗೆ? ಈ ಪ್ರಶ್ನೆ ಅವಳನ್ನು ಒಳಗೊಳಗೇ ಕೊರೆಯಿತು.

ಲಾಂಚ್ ಕಂಪನಿಯ ಮ್ಯಾನೇಜರ್ ಕಾರ್ಖಾನೆಗೇ ಬಂದು ಕೂತರು. ಕೆಟ್ಟ ಮನುಷ್ಯನಲ್ಲ, ಜನ ತಮ್ಮನ್ನು ಬೀದಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದಾರೆ ಎಂದರು. ಆರಿಸುವ ಮೊದಲು ಬೋರ್ಡು ಕಾಯುವ ಅವಧಿಯನ್ನು ಒಂಚೂರು ಹೆಚ್ಚಿಸಿದರೆ ಸುಳ್ಳು ಎಚ್ಚರಿಕೆ ನಿಲ್ಲುತ್ತದೆಂದು ಅತ್ತಿಗೆಯ ಮೇಲಿನವರೂ ಹೇಳಿದರು. ಅದಕ್ಕೆ ಬೇಕಾದದ್ದು ಅಕ್ಕಿಕಾಳಿಗಿಂತ ಸಣ್ಣ ಒಂದು ಕೆಪಾಸಿಟರನ್ನು ಬದಲಿಸುವುದು. ಅವಳು ಬದಲಿಸಿ, ಪರೀಕ್ಷೆಯ ಪಂಜರದಲ್ಲಿಟ್ಟು ಶಾರ್ಟ್ ಮಾಡಿದಳು. ಟ್ರಾನ್ಸಿಸ್ಟರ್ ಉಳಿಯಿತು. ಮತ್ತೆ ಮಾಡಿದಳು, ಉಳಿಯಿತು. ಆದರೆ ಅದು ತಣ್ಣಗಿದ್ದಾಗ ಮಾಡಿದ ಪರೀಕ್ಷೆ. ಭಾರ ಹೊತ್ತು ಓಡಿ ಬಿಸಿಯಾಗಿರುವಾಗ ಏನಾಗುತ್ತದೆಂದು ನೋಡಬೇಕಿತ್ತು. ಬಿಸಿಮಾಡುವ ಯಂತ್ರ ಬೇರೆ ತಂಡದ ಕೈಯಲ್ಲಿತ್ತು. ಮುಂದಿನ ವಾರ ಮಾಡೋಣ, ಸದ್ಯ ಹಾಕಿಬಿಡಿ ಎಂದರು. ಅವಳು ಆಗಲಿ ಎಂದಳು. ಆ ಒಂದು ಮಾತಿಗೆ ತನ್ನನ್ನು ತಾನು ಅವಳು ಸುಲಭವಾಗಿ ಕ್ಷಮಿಸಿಕೊಳ್ಳಲಿಲ್ಲ.

ಒಂದೇ ಒಂದು ಷರತ್ತು ಹಾಕಿದಳು: ಹೊಸ ಬೋರ್ಡು ಹಾಕಿದ ದಿನ ಲಾಂಚ್ ಖಾಲಿ ಓಡಬೇಕು, ತಾನೂ ಅದರಲ್ಲಿರಬೇಕು.

ಖಾಲಿಯಾಗಿಯೇ ಹೊರಟೆವು. ಅಣ್ಣ ಮೇಲಿನ ಚಾಲಕನ ಕೋಣೆಯಲ್ಲಿ, ಅತ್ತಿಗೆ ಹಿಂಬದಿಯ ತಳಕೋಣೆಯಲ್ಲಿ ಮೀಟರುಗಳ ಮುಂದೆ, ನಾನು ನಡುವೆ. ಗಂಡ ಹೆಂಡತಿ ಆ ಹೊತ್ತಿಗೂ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದರು, ಅದನ್ನೂ ನನ್ನ ಮೂಲಕ. ಹೋಗುವಾಗ ಏನೂ ಆಗಲಿಲ್ಲ, ಆಚೆ ಜೆಟ್ಟಿಗೆ ಹಿಡಿಕೆಯನ್ನು ಪೂರ್ತಿ ತಿರುವಬೇಕಾಗಿಯೂ ಇರಲಿಲ್ಲ. ಆದರೆ ಆಚೆ ದಡದಲ್ಲಿ ಜೆಟ್ಟಿಯ ತುಂಬ ಜನ. ಬೆಳಗ್ಗೆಯಿಂದ ಕಾದವರು. ಒಬ್ಬ ಮುದುಕನಿಗೆ ಈಚೆಯ ಆಸ್ಪತ್ರೆಗೆ ಬರಬೇಕಿತ್ತು. ಅಣ್ಣ ಮ್ಯಾನೇಜರಿಗೆ ಫೋನ್ ಮಾಡಿದ. ಹೋಗುವಾಗ ತೊಂದರೆಯಾಗಲಿಲ್ಲವಲ್ಲ, ಹತ್ತಿಸಿಕೊಳ್ಳಿ ಎಂದರು. ಅಣ್ಣ ಅತ್ತಿಗೆಯ ಕಡೆ ನೋಡಿದ. ಅವಳ ನೋಟ ಆ ಮುದುಕನ ಮೇಲೆ ನಿಂತಿತ್ತು. ಬೇಡ ಎನ್ನಲು ಬಾಯಿ ಬರಲಿಲ್ಲ. ಎಲ್ಲರಿಗೂ ತೇಲುವ ಅಂಗಿ ತೊಡಿಸಿ ಎಂದಷ್ಟೇ ನನಗೆ ಹೇಳಿ ಕೆಳಗಿಳಿದಳು.

ದಡ ಬಿಡುವಾಗ ಅಣ್ಣ ಹಿಡಿಕೆಯನ್ನು ಸುಮಾರಾಗಿ ತಿರುವಿದ. ಆಗ ಅತ್ತಿಗೆ ಮೀಟರು ನೋಡುತ್ತಿರಲಿಲ್ಲ. ಮಂಡಿಯೂರಿ ಟಾರ್ಚು ಹಿಡಿದು, ತಿರುಗುವ ಕಾಲಿನ ಬುಡವನ್ನು ನೋಡುತ್ತಿದ್ದಳು. ಇನ್ವರ್ಟರ್‌ನಿಂದ ಮೋಟರಿಗೆ ಹೋಗುವ ದಪ್ಪ ಕೇಬಲ್ಲು ಕಾಲಿನ ಜೊತೆಗೇ ತಿರುಗಬೇಕೆಂದು ಅಲ್ಲಿ ಸಡಿಲವಾಗಿ ಬಾಗಿಸಿ ಬಿಟ್ಟಿದ್ದರು. ಕಾಲು ತಿರುಗಿದಂತೆ ಆ ಬಾಗು ಸರಿದು, ಅದನ್ನು ಹಿಡಿದಿದ್ದ ತಗಡಿನ ಪಟ್ಟಿಯ ಅಂಚಿಗೆ ಹತ್ತಿರವಾಯಿತು. ಅಂಚು ಹೊಳೆಯುತ್ತಿತ್ತು. ಉಜ್ಜಿ ಉಜ್ಜಿ ಬಂದ ಹೊಳಪು. ಅದರ ಕೆಳಗೆ ರಬ್ಬರಿನ ಕಪ್ಪು ಪುಡಿ, ಪುಡಿಯ ನಡುವೆ ಮಸಿಯ ಕಲೆ. ಕೇಬಲ್ಲಿನ ಹೊದಿಕೆ ಸೀಳಿ ಒಳಗಿನ ಎರಡು ತಂತಿಗಳ ತಾಮ್ರ ಇಣುಕುತ್ತಿತ್ತು.

ಒಂದು ತಂತಿಯ ತಾಮ್ರ ಮಾತ್ರ ಪಟ್ಟಿಗೆ ತಾಗಿದರೆ, ವಿದ್ಯುತ್ತು ಸೋರುತ್ತಿದೆಯೆಂಬ ಎಚ್ಚರಿಕೆಯ ಸಣ್ಣ ದೀಪ ಮಿನುಗುತ್ತದೆ. ಅದು ಹಲವು ಸಲ ಮಿನುಗಿತ್ತು. ಹೊಸ ದೋಣಿಯ ತೇವ ಎಂದು ಎಲ್ಲರೂ ಬಿಟ್ಟಿದ್ದರು. ಎರಡೂ ಒಟ್ಟಿಗೆ ತಾಗಿದರೆ ಶಾರ್ಟ್. ಕಾಲು ಪೂರ್ತಿ ತಿರುಗಿದಾಗ ಮಾತ್ರ ಎರಡೂ ತಾಗುತ್ತವೆ, ನೇರಕ್ಕೆ ಬಂದರೆ ಬಿಡುತ್ತವೆ. ಅದಕ್ಕೇ ಗುಂಡಿ ಒತ್ತಿದಾಗಲೆಲ್ಲ ಮೋಟರ್ ಮತ್ತೆ ಹತ್ತುತ್ತಿದ್ದದ್ದು. ಬೋರ್ಡು ಸುಮ್ಮಸುಮ್ಮನೆ ಹೆದರಿರಲಿಲ್ಲ. ಎರಡು ಸಲವೂ ಸತ್ಯವನ್ನೇ ಹೇಳಿತ್ತು. ಈಗ ಆ ಬೋರ್ಡನ್ನು ಕಿತ್ತು, ತಡಮಾಡಿ ಎಚ್ಚರಗೊಳ್ಳುವ ಬೋರ್ಡನ್ನು ಅವಳೇ ಕೈಯಾರೆ ಕೂರಿಸಿದ್ದಳು. ಟ್ರಾನ್ಸಿಸ್ಟರ್ ಬಿಸಿಯಾಗಿತ್ತು. ಮುಂದೆ ಪೂರ್ತಿ ತಿರುವುವ ಜಾಗ ಬರುತ್ತಿತ್ತು.

ತಳಕೋಣೆಯ ಮುಚ್ಚಳದ ಬಳಿ ನಿಂತಿದ್ದ ನನಗೆ ಮೊದಲು ಕಂಡದ್ದು ಅವಳ ಮುಖ. ರಕ್ತವೇ ಇಲ್ಲದ ಹಾಗಿತ್ತು.

"ಎಡ ಮೋಟರ್ ಆಫ್ ಮಾಡೋಕೆ ಹೇಳು. ಈಗಲೇ. ತಿರುಗಿಸಿದ್ರೆ ಎರಡೂ ಹೋಗುತ್ತೆ ಅಂತ ಹೇಳು."

ನಾನು ಓಡಿದೆ. ಅಣ್ಣ ಕೇಳಿಸಿಕೊಂಡು ನನ್ನ ಕಡೆ ತಿರುಗಲಿಲ್ಲ. ಅವನ ಕಣ್ಣು ಸೇತುವೆಯ ಮೇಲಿತ್ತು. ಆಗಲೇ ನಡುನೀರು ದಾಟಿದ್ದೆವು. ಕಂಬಗಳ ಬುಡದಲ್ಲಿ ನೀರು ನೊರೆಯಾಗಿ ಒಡೆಯುವುದು ಕಾಣುತ್ತಿತ್ತು. ಒಂದೇ ಮೋಟರಿನಲ್ಲಿ ಆ ಸೆಳೆತಕ್ಕೆ ಎದುರು ನಿಂತು ಜೆಟ್ಟಿ ಸೇರುವುದು ಸಾಧ್ಯವಿಲ್ಲವೆಂಬುದು ಟಿಕೆಟ್ ಹರಿಯುವ ನನಗೂ ಗೊತ್ತಿತ್ತು.

"ಖಂಡಿತಾನಾ ಅಂತ ಕೇಳಿದ್ಯಾ?" ಎಂದ.

"ಮುಖ ನೋಡಿದೆ," ಎಂದೆ.

ಅಣ್ಣ ಎಡ ಹಿಡಿಕೆಯನ್ನು ಸೊನ್ನೆಗೆ ಎಳೆದ. ಹೆಂಡತಿಯ ಮೇಲೆ ಅಷ್ಟು ದಿನ ಮುನಿಸಿಕೊಂಡಿದ್ದವನು ಎರಡನೆಯ ಪ್ರಶ್ನೆ ಕೇಳಲಿಲ್ಲ. ಲಾಂಚ್ ಒಂದು ಸಲ ತಡವರಿಸಿ, ನಿಧಾನವಾಗಿ ಕೆಳಕ್ಕೆ ಜಾರತೊಡಗಿತು.

ಆಮೇಲೆ ಅವನು ಮಾಡಿದ್ದು ನಾನು ಹಿಂದೆಂದೂ ನೋಡದ ಕೆಲಸ. ಜೆಟ್ಟಿಯ ಆಸೆ ಬಿಟ್ಟ. ಮೂತಿಯನ್ನು ನೀರು ಬರುವ ಕಡೆಗೇ ಇಟ್ಟುಕೊಂಡು, ಬಲ ಮೋಟರಿನಿಂದ ಸೆಳೆತವನ್ನು ಅಷ್ಟಿಷ್ಟು ತಡೆಯುತ್ತಾ, ಲಾಂಚನ್ನು ಹಿಂದು ಹಿಂದಕ್ಕೆ ಸೇತುವೆಯ ನಡುಗಂಡಿಯ ಕಡೆಗೆ ಇಳಿಬಿಟ್ಟ. ಕಂಬಗಳ ನಡುವೆ ಲಾಂಚ್ ನುಸುಳುವಷ್ಟು ಅಗಲವಾದ ಗಂಡಿ ಅದೊಂದೇ. ಕತ್ತು ತಿರುಗಿಸಿ ಹಿಂದೆ ನೋಡುತ್ತಾ, ಕೈಯಲ್ಲಿ ಹಿಡಿಕೆಯನ್ನು ಕೂದಲೆಳೆಯಷ್ಟು ಅತ್ತ ಇತ್ತ ಮಾಡುತ್ತಾ ನಿಂತ. ಹಿಂಬದಿ ಎಷ್ಟು ದೂರವಿದೆ ಎಂದು ನಾನು ಕೂಗಿ ಹೇಳಬೇಕು. ಜನ ಮೊದಲು ಗುಸುಗುಸು ಅಂದರು, ಆಮೇಲೆ ತುಟಿ ಪಿಟಕ್ಕೆನ್ನದೆ ಕೂತರು. ಆಸ್ಪತ್ರೆಯ ಮುದುಕ ಮಾತ್ರ ಪಕ್ಕದವರನ್ನು ಏನಾಯಿತು ಏನಾಯಿತು ಎಂದು ಕೇಳುತ್ತಲೇ ಇದ್ದ.

ಗಂಡಿಯ ನೆರಳು ನಮ್ಮ ಮೇಲೆ ಬಿದ್ದಾಗ ಚಳಿಯಾಯಿತು. ಕಂಬದ ಬುಡದ ಸುಳಿ ಲಾಂಚಿನ ಹಿಂಬದಿಯನ್ನು ಹಿಡಿಯಿತು. ಒಂದು ಬದಿಯ ಮೋಟರಿನ ತಳ್ಳುವಿಕೆಗೆ ಹಿಂಬದಿ ಓರೆಯಾಗಿ, ಬಲಗಡೆಯ ಕಂಬದತ್ತ ಎಳೆದುಕೊಂಡು ಹೋಯಿತು. ಪಾಚಿ ಹತ್ತಿದ ಕಲ್ಲು ಕಣ್ಣೆದುರೇ ದೊಡ್ಡದಾಯಿತು. ಅಣ್ಣ ನನ್ನತ್ತ ಕೂಗಿದ.

"ಎಡ ಮೋಟರ್ ಒಂದು ಸಲ ಬೇಕು. ನೇರಕ್ಕೇ ಇರ್ಲಿ, ತಿರುಗಿಸಲ್ಲ. ಕೊಡ್ಲಾ ಕೇಳು."

ಮುಚ್ಚಳದ ಬಳಿ ಬಗ್ಗಿ ಅದನ್ನೇ ಕೂಗಿದೆ. ಅತ್ತಿಗೆ ಟಾರ್ಚನ್ನು ಕೇಬಲ್ಲಿಗೆ ಹಿಡಿದು ನೋಡಿದಳು. ಕಾಲು ನೇರವಿದ್ದಾಗ ತಾಮ್ರಕ್ಕೂ ಪಟ್ಟಿಗೂ ನಡುವೆ ಒಂದು ಬೆರಳಿನಷ್ಟು ಜಾಗವಿತ್ತು. ಲಾಂಚ್ ಅದುರಿದರೆ ಆ ಬೆರಳು ಉಳಿಯುತ್ತದೋ ಇಲ್ಲವೋ, ಯಾವ ಮೀಟರೂ ಹೇಳುವುದಿಲ್ಲ. ಬೇಡ ಎಂದರೆ ಕಂಬ. ಬೇಕು ಎಂದರೆ, ಎಣಿಕೆ ತಪ್ಪಿದಲ್ಲಿ ಎರಡೂ ಮೋಟರ್ ಸತ್ತು ಅದೇ ಕಂಬ.

"ಕೊಡ್ಲಿ. ಅರ್ಧಕ್ಕಿಂತ ಜಾಸ್ತಿ ಬೇಡ. ಮೆಲ್ಲಗೆ ಏರಿಸ್ಬೇಕು, ಮೆಲ್ಲಗೇ ಇಳಿಸ್ಬೇಕು."

ಅಣ್ಣ ಮೆಲ್ಲಗೆ ಏರಿಸಿದ. ಎಡಗಡೆ ನೀರು ಕದಡಿತು. ಕೆಳಗೆ ಅತ್ತಿಗೆ ಕೇಬಲ್ಲಿನಿಂದ ಕಣ್ಣು ಕೀಳದೆ ಕೂತಿದ್ದಳು. ಸಿಡಿದರೆ ಆ ಕೋಣೆಯಲ್ಲಿ ಮೊದಲು ಸಿಗುವವಳು ಅವಳೇ ಎಂಬುದು ನನಗೆ ಆ ಗಳಿಗೆಯಲ್ಲಿ ಹೊಳೆಯಿತು. ಹಿಂಬದಿ ಕಂಬದಿಂದ ಬಿಡಿಸಿಕೊಂಡಿತು. ಬದಿಗೆ ಕಟ್ಟಿದ್ದ ಟೈರುಗಳಲ್ಲೊಂದು ಕಲ್ಲಿಗೆ ಉಜ್ಜಿ ಕೀರೆಂದಿತು, ಅಷ್ಟೆ. ಮತ್ತೆ ಬಿಸಿಲು ಬಂತು. ಅಣ್ಣ ಮೆಲ್ಲಗೆ ಇಳಿಸಿ ಎಡ ಮೋಟರನ್ನು ಆರಿಸಿದ.

ಸೇತುವೆಯ ಕೆಳಗಡೆ, ಹಿಂದೆ ಮರಳು ತೆಗೆಯುತ್ತಿದ್ದವರು ಬಿಟ್ಟುಹೋದ ಹಳೆಯ ಕಟ್ಟೆಯೊಂದಿತ್ತು. ಅಲ್ಲಿಗೆ ಸೇರಿಸಿದೆವು. ಜನ ಕೆಸರಿನಲ್ಲಿ ಕಾಲಿಟ್ಟು ಇಳಿದರು. ಬದುಕಿ ಬಂದ ಗಾಬರಿ ಇಳಿಯುವ ಮೊದಲೇ ಒಬ್ಬ ಯಜಮಾನರು, ಜೆಟ್ಟಿಗೆ ಅಂತ ಟಿಕೆಟ್ ಕೊಟ್ಟು ಕೆಸರಿಗೆ ಇಳಿಸುತ್ತೀರಲ್ಲ ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡರು. ಅಣ್ಣ ಮುದುಕನನ್ನು ಬೆನ್ನ ಮೇಲೆ ಹೊತ್ತು ರಸ್ತೆಯವರೆಗೆ ಬಿಟ್ಟು, ಆಟೋ ಹತ್ತಿಸಿ ಬಂದ.

ಅಷ್ಟರಲ್ಲಿ ಅತ್ತಿಗೆ ಬ್ಯಾಟರಿಯ ದೊಡ್ಡ ಸ್ವಿಚ್ಚು ತೆಗೆದು, ಒಳಗೆ ಉಳಿದ ವಿದ್ಯುತ್ತು ಪೂರ್ತಿ ಇಳಿಯಲೆಂದು ಕೈಕಟ್ಟಿ ಕಾದು, ಮೀಟರು ಹಿಡಿದು ಖಾತ್ರಿ ಮಾಡಿಕೊಂಡಿದ್ದಳು. ಅಣ್ಣ ಕೆಳಗಿಳಿದು ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕೂತ. ಅವಳು ಕೇಬಲ್ಲನ್ನು ಬೆರಳಿನಿಂದ ಸರಿಸಿ ತೋರಿಸಿದಳು. ಅಣ್ಣ ಆ ಕಪ್ಪು ಪುಡಿಯನ್ನು ಬೆರಳಿಗೆ ಅಂಟಿಸಿಕೊಂಡು ನೋಡಿದ.

"ಹಳೇ ಬೋರ್ಡು ನಿಜಾನೇ ಹೇಳ್ತಿತ್ತು," ಎಂದ.

"ನಾನೇ ಅದನ್ನ ನಂಬ್ಲಿಲ್ಲ," ಎಂದಳು ಅತ್ತಿಗೆ. ಅಲ್ಲಿಯವರೆಗೆ ಗಟ್ಟಿಯಾಗಿದ್ದವಳು ಆಗ ಅತ್ತಳು. ಅಣ್ಣ ಗ್ರೀಸು ಮೆತ್ತಿದ ಕೈಯಿಂದಲೇ ಅವಳ ಬೆನ್ನು ಸವರಿದ. ಆ ಕಲೆ ಆಮೇಲೆ ಎಷ್ಟು ಒಗೆದರೂ ಹೋಗಲಿಲ್ಲ, ಒಗೆದವಳು ನಾನು.

ಬಿಸಿ ಪರೀಕ್ಷೆ ಮಾಡದೆ ಬಿಡುವುದಿಲ್ಲವೆಂದು ಅವಳು ಹಟ ಹಿಡಿದಳು. ಆ ದಿನ ಮ್ಯಾನೇಜರನ್ನೂ ಅಣ್ಣನನ್ನೂ ಕಾರ್ಖಾನೆಗೆ ಕರೆಸಿದಳು. ನಾನೂ ಜೊತೆಗೆ ಹೋದೆ. ಕಿಟಕಿಯಿಲ್ಲದ ಕೋಣೆ, ನಡುವೆ ದಪ್ಪ ಪಾರದರ್ಶಕ ಗೋಡೆಯ ಪಂಜರ, ಅದರೊಳಗೆ ಬಿಸಿ ತಟ್ಟೆಯ ಮೇಲೆ ಅಂಗೈಯಷ್ಟು ಉದ್ದದ ಟ್ರಾನ್ಸಿಸ್ಟರ್ ಪೆಟ್ಟಿಗೆ. ಕಿವಿಗೆ ಮುಚ್ಚಿಕೊಳ್ಳಲು ಕೊಟ್ಟರು. ಮೊದಲು ಹಳೆಯ ಬೋರ್ಡು. ಅತ್ತಿಗೆ ಗುಂಡಿ ಒತ್ತಿದಳು. ಏನೂ ಆಗಲಿಲ್ಲ, ಪರದೆಯ ಮೇಲೆ ಒಂದು ಗೆರೆ ಏರಿ, ಇಳಿಜಾರಿನಲ್ಲಿ ಇಳಿಯಿತು. ಇಷ್ಟೇನಾ ಎಂದು ಮ್ಯಾನೇಜರ್ ಕೇಳಿದರು. ಇಷ್ಟೇ ಎಂದಳು. ಎಲ್ಲ ಸರಿಯಿದ್ದರೆ ನೋಡಲು ಏನೂ ಇರುವುದಿಲ್ಲ.

ಆಮೇಲೆ ಲಾಂಚಿನಿಂದ ಕಿತ್ತು ತಂದ ತಡದ ಬೋರ್ಡು. ಈ ಸಲ ಗುಂಡಿ ಒತ್ತುವ ಮೊದಲು ಅವಳು ನಮ್ಮನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿದಳು. ಕೋಣೆಯೇ ಎದೆಗೆ ಗುದ್ದಿದ ಹಾಗಾಯಿತು. ಪಂಜರದೊಳಗೆ ಬಿಳಿ ಬೆಂಕಿ ಬಂದು ಹೋಯಿತು. ಹೊಗೆ ಇಳಿದಾಗ ಆ ಪೆಟ್ಟಿಗೆಯ ಮುಚ್ಚಳವಿರಲಿಲ್ಲ. ಅದು ಪಾರದರ್ಶಕ ಗೋಡೆಗೆ ಬಡಿದು, ಅಣ್ಣನ ಮುಖದ ಎತ್ತರದಲ್ಲಿ ಒಂದು ಬಿಳಿ ಗೀರು ಮೂಡಿಸಿತ್ತು. ಮ್ಯಾನೇಜರ್ ಕುರ್ಚಿ ಹುಡುಕಿ ಕೂತರು.

ಅಣ್ಣ ಆ ಗೀರನ್ನೇ ನೋಡುತ್ತಿದ್ದ. ಅದರ ಪಕ್ಕದಲ್ಲಿ, ಮೇಲೆ, ಕೆಳಗೆ ಅಂಥವೇ ಹಳೆಯ ಗೀರುಗಳು ಎಷ್ಟೋ ಇದ್ದವು.

"ದಿನಾ ಇಲ್ಲೇನಾ ನೀನು ನಿಲ್ಲೋದು?"

"ದಿನಾ ಸಿಡಿಯಲ್ಲ ರೀ," ಎಂದಳು ಅತ್ತಿಗೆ. "ಸಿಡಿಯೋದು ಇಲ್ಲೇ ಸಿಡೀಲಿ ಅಂತ ತಾನೇ ಈ ಕೋಣೆ."

ನದಿಯ ಮೇಲಿನ ತನ್ನ ಕೆಲಸವೇ ಮನೆಯಲ್ಲಿ ಎಲ್ಲರಿಗಿಂತ ಅಪಾಯದ್ದು ಎಂದು ಅಣ್ಣ ಅಲ್ಲಿಯವರೆಗೆ ನಂಬಿದ್ದನೆಂದು ಕಾಣುತ್ತದೆ.

ಹೊಸ ಕೇಬಲ್ಲು ಬಂತು, ತಗಡಿನ ಪಟ್ಟಿಯ ಬದಲು ಮೆತ್ತನೆಯ ಹಿಡಿ ಬಂತು, ಎರಡು ಮೋಟರಿಗೂ ಬೇರೆ ಬೇರೆ ಫ್ಯೂಸು ಬಂದವು. ಮ್ಯಾನೇಜರ್ ಹೇಳಿದ್ದರಲ್ಲೂ ಒಂದು ಸರಿಯಿತ್ತೆಂದು ಅತ್ತಿಗೆ ಒಪ್ಪಿದಳು: ಮೋಟರ್ ಏಕೆ ನಿಂತಿತೆಂದು ಚಾಲಕನಿಗೆ ತಿಳಿಯಲೇಬೇಕು. ಆರಿಸಿದ ಗಳಿಗೆಯಲ್ಲಿ ಕಾಲು ಎಷ್ಟು ತಿರುಗಿತ್ತು, ಸೋರಿಕೆಯ ಸಣ್ಣ ದೀಪ ಮಿನುಗಿತ್ತೇ ಎಂಬುದೆಲ್ಲ ಅಣ್ಣನ ಕಣ್ಣೆದುರಿನ ಪರದೆಗೆ ಬರುವಂತೆ ಮಾಡಿಸಿದಳು. ಅದನ್ನು ಓದುವುದು ಹೇಗೆಂದು ಊಟದ ಹೊತ್ತಿನಲ್ಲಿ ಗಂಡನಿಗೆ ಪಾಠ ಹೇಳಿದಳು. ಅಣ್ಣ ದಡ್ಡ ಹುಡುಗನ ಹಾಗೆ ಮತ್ತೆ ಮತ್ತೆ ಕೇಳಿಸಿಕೊಂಡ. ಒಂದು ಸಲಕ್ಕೇ ಅರ್ಥವಾಗಿತ್ತು, ನನಗೆ ಗೊತ್ತು.

ಹಳೆಯ ಬೋರ್ಡನ್ನೇ ಮರಳಿ ಕೂರಿಸಿ ಲಾಂಚ್ ಮತ್ತೆ ಹೊರಟ ಬೆಳಗ್ಗೆ ಅತ್ತಿಗೆ ಎಲ್ಲರಂತೆ ಟಿಕೆಟ್ ತೆಗೆದುಕೊಂಡು ಹತ್ತಿದಳು. ತಳಕೋಣೆಗೆ ಇಳಿಯಲಿಲ್ಲ. ಕಟಕಟೆಯ ಬಳಿ ನಿಂತು ನೀರು ನೋಡುತ್ತಿದ್ದಳು. ಸೆಳೆತ ಇನ್ನೂ ಇಳಿದಿರಲಿಲ್ಲ. ಆಚೆ ಜೆಟ್ಟಿ ಹತ್ತಿರವಾದಾಗ, ಅಲ್ಲಿ ಅಗತ್ಯವಿಲ್ಲದಿದ್ದರೂ, ಅಣ್ಣ ಬೇಕೆಂದೇ ಹಿಡಿಕೆಯನ್ನು ಪೂರ್ತಿ ತಿರುವಿದ. ಎರಡು ಮೋಟರೂ ಒಂದೇ ಉಸಿರಿನಲ್ಲಿ ತಳ್ಳಿದವು, ಲಾಂಚ್ ತಿರುಗಿ ಒಳಗೆ ನುಗ್ಗಿತು. ಹಗ್ಗ ಎಸೆಯಲು ನಾನು ಅವಳ ಪಕ್ಕದಿಂದ ಹಾದುಹೋದೆ. ಕಟಕಟೆ ಹಿಡಿದಿದ್ದ ಅವಳ ಬೆರಳುಗಳು ಬೆಳ್ಳಗಾಗಿದ್ದವು. ದಡ ಮುಟ್ಟಿದ ಮೇಲೆಯೇ ಬಿಟ್ಟಳು. ಕೈಯನ್ನು ಒಮ್ಮೆ ಕೊಡವಿಕೊಂಡು, ಕಾರ್ಖಾನೆಯ ಬಸ್ಸು ಹೊರಟಿತೆಂದು ಎಲ್ಲರಿಗಿಂತ ಮುಂದೆ ಓಡಿದಳು.